ಶೂ ಕೊಡುವುದಾದರೆ ಮೇ ತಿಂಗಳಲ್ಲೇ ಕೊಡಿ

ಬೆಳಿಗ್ಗೆ ಮದ್ರಸ ಶುರುವಾಗುವಾಗ ಮೆಟ್ಟಿಲ ಬದಿಯಲ್ಲಿ ಮಕ್ಕಳ ಚಪ್ಪಲಿ, ಶೂಗಳ ಸಾಲು ಬೀಳುತ್ತದೆ. ನಮ್ಮ ಮಾಣಿ ಕಡೆಯ ಹೆಚ್ಚಿನ ಮಕ್ಕಳು ಮದ್ರಸ ಬಿಟ್ಟು ನೇರ ಶಾಲೆಗೆ ಹೋಗುವವರು, ಹಾಗಾಗಿ ಶಾಲೆಯ ಶೂ ಹಾಕಿಕೊಂಡೇ ಬರುತ್ತಾರೆ. ಯಾರ ಮನೆಯಲ್ಲಿ ಈ ವರ್ಷ ಕಷ್ಟ ಇದೆ ಎಂದು ತಿಳಿಯಲು ಮುಅಲ್ಲಿಮರು ಮನೆಮನೆಗೆ ಹೋಗಿ ಕೇಳಬೇಕೆಂದಿಲ್ಲ. ಹಿಮ್ಮಡಿ ಮೆಟ್ಟಿ ಮೆಟ್ಟಿ ಚಪ್ಪಟೆಯಾದ ಶೂ ಎಂದರೆ ಅದು ಕಾಲಿಗೆ ಸಣ್ಣದಾಗಿದೆ ಎಂದರ್ಥ. ಒಳಗೆ ಬಟ್ಟೆ ತುಂಬಿಸಿದ್ದರೆ ಅದು ಅಣ್ಣನದ್ದು. ಒಂದನೇ ಕ್ಲಾಸಿನ ಮಕ್ಕಳಿಗೆ ನಾವು ಪಾದರಕ್ಷೆ ಹಾಕುವಾಗ ಬಲಗಾಲು ಮೊದಲು, ತೆಗೆಯುವಾಗ ಎಡಗಾಲು ಮೊದಲು ಎಂದು ಸುನ್ನತ್ ಕಲಿಸುತ್ತೇವೆ. ಕಲಿತ ಮಗುವಿಗೆ ಹಾಕಲು ಸರಿಯಾದ ಒಂದು ಜೊತೆ ಇದೆಯಾ ಎಂದು ನೋಡುವುದೂ ನಮ್ಮ ಕೆಲಸವೇ ಎಂದು ನನ್ನ ಅಭಿಪ್ರಾಯ.

"ಸರ್ಕಾರ ಕೊಡುತ್ತದಲ್ಲ ಉಸ್ತಾದ್" ಎಂದು ಕೆಲವರು ಹೇಳುತ್ತಾರೆ. ಹೌದು, ಕೊಡುತ್ತದೆ. 2015-16ರಿಂದ ಸರ್ಕಾರಿ ಶಾಲೆಗಳ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುವ ಯೋಜನೆ ಇದೆ. ಜನ ಅದನ್ನು ಶೂ ಭಾಗ್ಯ ಎಂದೇ ಕರೆಯುವುದು. ಹಣ ಎಸ್‌ಡಿಎಂಸಿಗೆ ಬರುತ್ತದೆ, ಖರೀದಿ ಅವರೇ ಮಾಡಬೇಕು. 2022ರಲ್ಲಿ ಐದನೇ ತರಗತಿವರೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು-ಹತ್ತಕ್ಕೆ 325 ಎಂದು ದರ ಇತ್ತು, ಅದರಲ್ಲೇ ಸಾಕ್ಸ್ ಕೂಡ. ಈ ದುಡ್ಡಿಗೆ ಎಂಥ ಶೂ ಸಿಗುತ್ತದೆ ಎಂದು ಅಂಗಡಿಗೆ ಹೋದ ಎಲ್ಲರಿಗೂ ಗೊತ್ತು. ಅದೇ ವರ್ಷ ಶೂ, ಸಾಕ್ಸ್ ಕೊಡಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯೇ ಆಗಿ, ಕೊನೆಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು 132 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟದ್ದು ಜುಲೈ ತಿಂಗಳಲ್ಲಿ. ಹಣ ಬಂದು, ಖರೀದಿಯಾಗಿ, ಮಕ್ಕಳ ಕಾಲಿಗೆ ಸೇರುವಾಗ ನಮ್ಮ ಊರಲ್ಲಿ ಅರ್ಧ ಮಳೆಗಾಲ ಮುಗಿದಿರುತ್ತದೆ.

ಇನ್ನೊಂದು ವಿಷಯ. ನಮ್ಮ ಬ್ಯಾರಿ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಅನುದಾನ ಇಲ್ಲದ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿದ್ದಾರೆ. ಆ ಶಾಲೆಗಳಿಗೆ ಈ ಯೋಜನೆ ಇಲ್ಲ. ಅಲ್ಲಿ ಓದುವವರೆಲ್ಲ ಅನುಕೂಲಸ್ಥರು ಎಂದು ತಿಳಿಯುವುದು ತಪ್ಪು. ಉಮ್ಮ ಬೀಡಿ ಕಟ್ಟಿ, ಬಾಪ ಲೋಡಿಂಗ್ ಕೆಲಸಕ್ಕೆ ಹೋಗಿ, ಸಂಘದ ಸಾಲ ಮಾಡಿ ಫೀಸು ಕಟ್ಟುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟಿವೆ. ಫೀಸು, ಪುಸ್ತಕ, ಯೂನಿಫಾರ್ಮ್ ಆದ ಮೇಲೆ ಶೂ. ಕೆಲವು ಶಾಲೆಗಳಲ್ಲಿ ಕಪ್ಪು ಒಂದು ಜೊತೆ, ಬಿಳಿ ಕ್ಯಾನ್ವಾಸ್ ಇನ್ನೊಂದು ಜೊತೆ. ಮೊದಲು ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ ಎಂದು ಸಣ್ಣ ಕ್ಲಾಸಿನವರಿಗೂ ವರ್ಷಕ್ಕೆ ಒಂದು ಸಾವಿರ ಬರುತ್ತಿತ್ತು, ಬ್ಯಾಗು ಶೂವಿಗೆ ಆಗುತ್ತಿತ್ತು. 2022-23ರಿಂದ ಅದನ್ನು ಒಂಬತ್ತು, ಹತ್ತನೇ ತರಗತಿಗೆ ಮಾತ್ರ ಸೀಮಿತ ಮಾಡಿದರು.

ಹಾಗಾದರೆ ಜಮಾಅತ್ ಕೊಡುವುದಿಲ್ಲವೇ? ಕೊಡುತ್ತದೆ. ನಮ್ಮವರ ಕೈ ದೊಡ್ಡದೇ. ಆದರೆ ಕೊಡುವುದು ಯಾವಾಗ ಎಂದು ನೋಡಿ. ನಾವು ಕೈ ಬಿಚ್ಚುವುದು ರಂಝಾನ್‌ನಲ್ಲಿ. 2018ರಲ್ಲಿ ಪೆರ್ನಾಳ್ ಬಂದದ್ದು ಜೂನ್ ಮಧ್ಯಕ್ಕೆ, ಶಾಲೆ ಶುರುವಾಗುವ ಹೊತ್ತಿಗೇ ಬಡವರ ಮನೆಗೆ ನಾಲ್ಕು ಕಾಸು ಸೇರಿತ್ತು. ರಂಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಪೆರ್ನಾಳ್ ಮಾರ್ಚ್ 31ಕ್ಕೇ ಮುಗಿಯಿತು. ಆಗ ಸಿಕ್ಕಿದ ಹಣ ಮನೆ ಬಾಡಿಗೆಗೋ ಮದ್ದಿಗೋ ಹೋಗಿ, ಮೇ ಕೊನೆಗೆ ಕೈ ಖಾಲಿ. ಇನ್ನು ಕೆಲವು ವರ್ಷ ಈ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಕಮಿಟಿಯವರು ಕ್ಯಾಲೆಂಡರ್ ಎದುರಿಟ್ಟು ಒಮ್ಮೆ ಲೆಕ್ಕ ಹಾಕಲಿ. ರಂಝಾನ್‌ನಲ್ಲಿ ಬರುವ ಸದಖಾದಲ್ಲಿ ಒಂದು ಪಾಲು ಮೇ ತಿಂಗಳಿಗೆಂದು ತೆಗೆದಿಟ್ಟರೆ ಏನು ನಷ್ಟ?

ಸದಖಾ ಎಂದೇ ಹೇಳುತ್ತಿದ್ದೇನೆ, ಝಕಾತ್ ಎಂದಲ್ಲ. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ದುಡ್ಡಿನ ಝಕಾತನ್ನು ದುಡ್ಡಾಗಿಯೇ ಹಕ್ಕುದಾರರ ಕೈಗೆ ಸೇರಿಸಬೇಕು. ಶೂ, ಕೊಡೆ, ಕಿಟ್ ಮಾಡಿ ಹಂಚಿದರೆ ಬಾಧ್ಯತೆ ತೀರುವುದಿಲ್ಲ. ಶೂವಿನ ವ್ಯವಸ್ಥೆಗೆ ಬೇರೆ ಹಣ ಬೇಕು.

ಇನ್ನು ಕೊಡುವ ಕ್ರಮ. ಕೆಲವು ವರ್ಷ ಹಿಂದೆ ಒಂದು ಕಡೆ ಸ್ಟೇಜ್ ಹಾಕಿ, ಹೆಸರು ಕೂಗಿ ಮಕ್ಕಳಿಗೆ ಶೂ ಕೊಟ್ಟರು. ಫೋಟೋ ರಾತ್ರಿಯೇ ವಾಟ್ಸಪ್ ಗ್ರೂಪಿಗೆ ಬಂತು. ಎರಡು ದಿನ ಕಳೆದು ನೋಡುವಾಗ ಅದರಲ್ಲಿದ್ದ ಒಂದು ಹೆಣ್ಣು ಮಗು ಮದ್ರಸಕ್ಕೆ ಹಳೇ ಹವಾಯಿ ಚಪ್ಪಲಿಯಲ್ಲೇ ಬಂದಿದೆ. ಯಾಕೆ ಮೋಳೆ ಎಂದು ಕೇಳಿದೆ, ಮಾತಿಲ್ಲ. ಪಕ್ಕದ ಹುಡುಗ ಹೇಳಿದ: "ಅದು ಧರ್ಮಕ್ಕೆ ಸಿಕ್ಕಿದ ಶೂ ಉಸ್ತಾದ್." ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದ ಹಾಗೆ ಕೊಡುವವರ ದರ್ಜೆ ಎಷ್ಟು ದೊಡ್ಡದು ಎಂದು ಮಿಂಬರ್‌ನಲ್ಲಿ ಕೇಳಿದವರೇ ನಾವು. ದಾನಿಗಳ ಹೆಸರು ಬೇಕಾದರೆ ಹಾಕಿ, ಮಗುವಿನ ಮುಖ ಬೇಡ.

ಮತ್ತೆ, ಶೂ ಎಂಬುದು ನೋಟ್ ಪುಸ್ತಕದ ಹಾಗಲ್ಲ, ಬಂಡಲ್ ಕಟ್ಟಿ ತಂದು ಹಂಚಲು. ಕಾಲಿಗೆ ಹಿಡಿಸಬೇಕು. ನನ್ನ ಸಲಹೆ ಇಷ್ಟೇ: ಮಾಣಿಯಲ್ಲೋ ಕಲ್ಲಡ್ಕದಲ್ಲೋ ವಿಟ್ಲದಲ್ಲೋ ಒಂದು ಅಂಗಡಿಯವರ ಹತ್ತಿರ ಮೊದಲೇ ಮಾತಾಡಿ, ಒಂದು ಚೀಟಿಯನ್ನು ಉಮ್ಮನ ಕೈಗೆ ಕೊಡಿ. ಅವರು ಮಗುವನ್ನು ಕರೆದುಕೊಂಡು ಹೋಗಿ, ಎಲ್ಲ ಗಿರಾಕಿಗಳ ಹಾಗೆ ಕುಳಿತು, ಹಾಕಿ ನೋಡಿ, ನಾಲ್ಕು ಹೆಜ್ಜೆ ನಡೆದು ಆರಿಸಲಿ. ಬಿಲ್ಲು ಆಮೇಲೆ ಕಮಿಟಿಗೆ ಬರಲಿ. ಹೆಸರು ಯಾರದ್ದು ಎಂದು ಅಧ್ಯಕ್ಷರು ಮತ್ತು ಖತೀಬರಿಗೆ ಗೊತ್ತಿದ್ದರೆ ಸಾಕು.

ಮಳೆಗಾಲಕ್ಕೆ ಶೂವೇ ಬೇಕೆಂಬ ಹಠವನ್ನೂ ಶಾಲೆಯವರು ಸ್ವಲ್ಪ ಬಿಡಬೇಕು. ಜೂನ್‌ನಲ್ಲಿ ಒಮ್ಮೆ ಒದ್ದೆಯಾದ ಶೂ ಒಲೆ ಬದಿಯಲ್ಲಿಟ್ಟರೂ, ಒಳಗೆ ಪೇಪರ್ ತುರುಕಿದರೂ ಬೆಳಿಗ್ಗೆಗೆ ಒಣಗುವುದಿಲ್ಲ. ಅದನ್ನೇ ಹಾಕಿ ಹಾಕಿ ಬೆರಳ ಸಂದಿ ಬಿಳಿಚಿ ಕೊಳೆಯುತ್ತದೆ. ಬರಿಗಾಲೂ ಆಗದು. ಅಡಿಕೆ ತೋಟದ, ರಬ್ಬರ್ ತೋಟದ ಕಾಲುದಾರಿಯಲ್ಲಿ ಕೊಕ್ಕೆಹುಳು ಅಂಗಾಲಿನಿಂದಲೇ ಒಳಗೆ ಹೋಗುತ್ತದೆ, ಗಾಯ ಇದ್ದ ಕಾಲಿಗೆ ಕೊಳಚೆ ನೀರು ತಾಗಿದರೆ ಇಲಿಜ್ವರದ ಭಯ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಮಳೆಗೆ ಸಾಕು, ತೊಳೆದಿಟ್ಟರೆ ಒಣಗುತ್ತದೆ. ಸ್ಥಳೀಯ ಹವಾಮಾನ ನೋಡಿ ಶೂ ಬದಲು ಚಪ್ಪಲಿ ಕೊಳ್ಳಲು ಸರ್ಕಾರವೇ ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟದ್ದಿದೆ. ನಮ್ಮ ಕಡೆಯಿಂದ ಸಮಿತಿಯಲ್ಲಿರುವ ತಂದೆ ತಾಯಂದಿರು ಮೀಟಿಂಗ್‌ಗೆ ಹೋಗಿ ಇದನ್ನು ಕೇಳಬೇಕು. ಸಹಿ ಮಾತ್ರ ಹಾಕಿ ಬರುವುದಲ್ಲ.

ಶೂ ಕೊಳ್ಳಲು ಹೋಗುವಾಗ ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟು ನೋಡಿ. ಎರಡು ವರ್ಷಕ್ಕೆ ಆಗಲಿ ಎಂದು ತೀರಾ ದೊಡ್ಡದು ತೆಗೆದರೆ ಮಗು ಜಾರಿ ಬೀಳುತ್ತದೆ. ಸಂಜೆ ಹೊತ್ತಲ್ಲಿ ಹೋದರೆ ಒಳ್ಳೆಯದು, ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ.