ಸಾನ್ ಹೋಸೆಗೆ ಹೊರಟಿದ್ದೀರಾ?

ಮಗಳ ಮನೆಗೆಂದೋ ಮಗನ ಮನೆಗೆಂದೋ ಕೋಸ್ಟರಿಕಾದ ರಾಜಧಾನಿ ಸಾನ್ ಹೋಸೆಗೆ ಹೊರಟಿದ್ದೀರಾ, ಸೋದರಿಯರೇ? ಅವರು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರಬೇಡಿ. ನೀವೊಬ್ಬರೇ ಊರು ನೋಡಿ ಬರಬಹುದು.

ಮೊದಲು ವಿಳಾಸದ ಗುಟ್ಟು ತಿಳಿಯಿರಿ. ಅಲ್ಲಿ ಮನೆ ನಂಬರಿಗಿಂತ ಗುರುತೇ ಹೆಚ್ಚು. 'ಚರ್ಚಿನಿಂದ ದಕ್ಷಿಣಕ್ಕೆ 200 ಮೀಟರ್' ಅಂದರೆ ಎರಡು ಅಡ್ಡರಸ್ತೆ ದಾಟಿ ಅಂತ ಅರ್ಥ. ಪಕ್ಕದ ಸಾನ್ ಪೆದ್ರೊದಲ್ಲಿ ಎಂದೋ ಹೋದ ಮರವೊಂದು ಇವತ್ತಿಗೂ ಗುರುತು! ಮನೆಯ ಗುರುತನ್ನು ಚೀಟಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿಡಿ.

ಮೇಯಿಂದ ನವೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಮಳೆ ಜಾಸ್ತಿ. ಬೆಳಿಗ್ಗೆಯೇ ಹೊರಡಿ, ಕೊಡೆ ಮರೆಯಬೇಡಿ. 1880ರ ಸೆಂಟ್ರಲ್ ಮಾರ್ಕೆಟ್ಟಿನಲ್ಲಿ 'ಗಾಯೊ ಪಿಂಟೊ' ಸಿಗುತ್ತೆ. ಅನ್ನಕ್ಕೆ ಬೇಯಿಸಿದ ಬೀನ್ಸ್ ಕಾಳು ಬೆರೆಸಿ ಹುರಿದ ತಿಂಡಿ ಅದು. ಸಸ್ಯಾಹಾರಿಗಳು 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅನ್ನಿ. ಕಾಳಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದೂ ವಿಚಾರಿಸಿ.

ನ್ಯಾಷನಲ್ ಮ್ಯೂಸಿಯಂ ನೋಡದೆ ಬರಬೇಡಿ. ಅದು ಹಿಂದೆ ಸೈನ್ಯದ ಕೋಟೆ. 1948ರಲ್ಲಿ ಆ ದೇಶ ಸೈನ್ಯವನ್ನೇ ತೆಗೆದುಹಾಕಿತು! ಗೋಡೆಯಲ್ಲಿ ಗುಂಡಿನ ತೂತುಗಳು ಇನ್ನೂ ಇವೆ. ಒಳಗೆ ಈಗ ಚಿಟ್ಟೆಗಳ ತೋಟ.

ವಾಪಸಾಗಲು ಬಾಗಿಲ ಮೇಲೆ ಹಳದಿ ತ್ರಿಕೋನವಿರುವ ಕೆಂಪು ಟ್ಯಾಕ್ಸಿಯನ್ನೇ ಹಿಡಿಯಿರಿ, ಮೀಟರ್ ಹಾಕಿಸಿ. ಸಂಜೆ ಮಕ್ಕಳು ಬಂದಾಗ ಊರಿನ ಸುದ್ದಿ ನೀವೇ ಹೇಳುವಿರಂತೆ!