ಕಣ್ಣೊಳಗಿನ ತೆರೆ ಕಾಯುವುದಿಲ್ಲ
ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೊಲಗಳಲ್ಲಿ ಕಣ್ಣಿಗೆ ಪೆಟ್ಟು ಬೀಳುವುದು ಹೊಸದಲ್ಲ. ಆದರೆ ಕಣ್ಣಲ್ಲಿ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಅಂಚಿನಿಂದ ಇಳಿವ ನೆರಳು ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ನೋವಿರುವುದಿಲ್ಲ; ಅದೇ ಮೋಸ. ಉರಿಯೂತ ಹೆಚ್ಚಿದರೆ ಕಲೆಯ ಪದರ ಬೆಳೆದು, ಶಸ್ತ್ರಚಿಕಿತ್ಸೆಯಿಂದ ಕೂರಿಸಿದ ಪಟಲವನ್ನೂ ಮತ್ತೆ ಎಳೆಯುತ್ತದೆ. ಇದನ್ನು ತಡೆಯಲು ಟ್ರಯಾಮ್ಸಿನೊಲೋನ್ ಸ್ಟೀರಾಯ್ಡ್ ಚುಚ್ಚುಮದ್ದಿನ ಮೇಲೆ ಆಸೆಯಿತ್ತು. ತೀವ್ರವಾಗಿ ಗಾಯಗೊಂಡ ಕಣ್ಣುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ‘ಆಸ್ಕಾಟ್’ ಪ್ರಯೋಗ ಅದನ್ನು ಎತ್ತಿಹಿಡಿಯಲಿಲ್ಲ. ಕಣ್ಣಿನ ಒತ್ತಡ ಏರುವ, ಪೊರೆ ಬರುವ ಅಪಾಯ ಬೇರೆ. ಚುಚ್ಚುಮದ್ದು ಶಸ್ತ್ರಚಿಕಿತ್ಸೆಗೆ ಬದಲಿಯಲ್ಲ.

ಬೀಳಗಿಯ ಡಾ. ಎಂ.ಸಿ. ಮೋದಿ ಪೊರೆ ತೆಗೆಯುವ ಶಿಬಿರವನ್ನು ಹಳ್ಳಿಗೇ ಒಯ್ದರು. ಆದರೆ ಕಳಚುವ ಪಟಲಕ್ಕೆ ಶಿಬಿರದವರೆಗೆ ಕಾಯುವ ವ್ಯವಧಾನವಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಪಾಪೆ ಹಿಗ್ಗಿಸಿ ನೋಡುವ, ಅಂದೇ ಬೆಳಗಾವಿ ಇಲ್ಲವೇ ಹುಬ್ಬಳ್ಳಿಗೆ ಕಳಿಸುವ ವ್ಯವಸ್ಥೆ ಬೇಕು.