ಹೊಸ ಇಟ್ಟಿಗೆಯ ಹಳೆಯ ಕೋಟೆ

ಉತ್ತರ ಚೀನಾದ ಪ್ರವಾಸ ಮುಗಿಸಿ ಬಂದ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಹಳೆಯದನ್ನು ಕಾಪಾಡುವ ಬಗೆಯನ್ನು ಅವರಿಂದ ನಾವು ಕಲಿಯಬೇಕು." ಕಲಿಯತಕ್ಕದ್ದು ಅಲ್ಲಿ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಹೇಳುವವರು ನಿದರ್ಶನವಾಗಿ ಎತ್ತಿ ತೋರಿಸುವುದು ಬಹುಮಟ್ಟಿಗೆ ದಾತೊಂಗ್ ನಗರದ ಕೋಟೆಯನ್ನು. ನನ್ನ ತಕರಾರು ಇರುವುದು ಅಲ್ಲಿಯೇ.

ಬೀಜಿಂಗಿನಿಂದ ದಾತೊಂಗಿಗೆ 2019ರ ಡಿಸೆಂಬರಿನಿಂದ ವೇಗದ ರೈಲು ಓಡುತ್ತಿದೆ. ಸುಮಾರು ಎರಡು ಗಂಟೆಯ ದಾರಿ. ಅಲ್ಲಿ ಇಳಿದವರನ್ನು ಊರಿನ ಪ್ರವಾಸದ ವ್ಯಾನುಗಳು ಒಂದು ದಿನ ಯುನ್‌ಗಾಂಗ್ ಗುಹೆಗಳಿಗೂ, ಮತ್ತೊಂದು ದಿನ ಬಂಡೆಗೆ ಆತುಕೊಂಡಿರುವ ತೂಗುದೇಗುಲಕ್ಕೂ ಯಿಂಗ್‌ಶಿಯೆನ್ನಿನ ಮರದ ಪಗೋಡಕ್ಕೂ ಕರೆದೊಯ್ಯುತ್ತವೆ. ಸಂಜೆಯ ಹೊತ್ತಿಗೆ ಕೋಟೆಯ ಮೇಲೆ ವಿಹಾರ. ನಾನೂ ವಿಹರಿಸಿದೆ. ಇಟ್ಟಿಗೆಯ ಅಂಚು ಮೊಂಡಾಗಿಲ್ಲ, ಗಾರೆ ಕಂದಿಲ್ಲ, ಬುರುಜಿನ ಬಣ್ಣ ಮಾಸಿಲ್ಲ. "1372ರ ಕೋಟೆ" ಎಂದು ಮಾರ್ಗದರ್ಶಿ ಹೇಳಿದ, ಜೊತೆಯಲ್ಲಿದ್ದವರು ತಲೆದೂಗಿದರು.

1372ರಲ್ಲಿ ಮಿಂಗ್ ಅರಸರ ಕಾಲದಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿದ್ದು ನಿಜ. ಆದರೆ ನಮ್ಮ ಕಾಲಕ್ಕೆ ಉಳಿದುಬಂದದ್ದು ಬಹುಪಾಲು ಇಟ್ಟಿಗೆ ಕಳಚಿಹೋದ ಮಣ್ಣಿನ ದಿಣ್ಣೆ. 2008ರಿಂದೀಚೆಗೆ ಆ ಮಣ್ಣಿಗೆ ಹೊಸ ಇಟ್ಟಿಗೆಯ ಅಂಗಿ ತೊಡಿಸಿ, ಮೇಲೆ ಹೊಸ ಬುರುಜುಗಳನ್ನು ನಿಲ್ಲಿಸಿದರು. ಈ ಕೆಲಸಕ್ಕಾಗಿ ಹಳೆಯ ಊರಿನ ಸಾವಿರಾರು ಮನೆಗಳು ನೆಲಸಮವಾದವು. ಅಲ್ಲಿ ಬಾಳಿದವರು ಹೊರಗಿನ ಬಡಾವಣೆಗಳಿಗೆ ಹೋದರು. ಚೀನೀ ನಿರ್ದೇಶಕ ಝೌ ಹಾವೊ ಇದನ್ನೆಲ್ಲ 2015ರಲ್ಲಿ ಬಂದ ತನ್ನ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾನೆ. ಐತಿಹಾಸಿಕ ನಗರಗಳನ್ನು ಸರಿಯಾಗಿ ಕಾಪಾಡಲಿಲ್ಲವೆಂದು ಚೀನಾ ಸರ್ಕಾರವೇ 2019ರಲ್ಲಿ ಐದು ನಗರಗಳನ್ನು ಹೆಸರಿಸಿ ಛೀಮಾರಿ ಹಾಕಿತು, ದಾತೊಂಗ್ ಅವುಗಳಲ್ಲೊಂದು. ಆ ದೇಶದ ಸರ್ಕಾರಕ್ಕೇ ಒಪ್ಪಿಗೆಯಾಗದ್ದನ್ನು ನಾವು ಮಾದರಿ ಎನ್ನುವುದು ಸೋಜಿಗವಲ್ಲವೆ?

"ಬಿದ್ದದ್ದನ್ನು ಎತ್ತಿ ಕಟ್ಟಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಕನ್ನಡ ಪಾಠ ಹೇಳುವ ನನಗೆ ಓಲೆಗರಿಯ ಉದಾಹರಣೆಯೇ ಹತ್ತಿರದ್ದು. ಹಳೆಯ ಕಾವ್ಯವೊಂದರ ಪ್ರತಿಯಲ್ಲಿ ನಾಲ್ಕು ಗರಿ ಕಳೆದುಹೋಗಿವೆ ಎನ್ನೋಣ. ಬಲ್ಲ ಸಂಪಾದಕ ಏನು ಮಾಡುತ್ತಾನೆ? ಆ ಜಾಗದಲ್ಲಿ ಚುಕ್ಕೆಗಳನ್ನಿಟ್ಟು "ಇಲ್ಲಿ ಗ್ರಂಥಪಾತ" ಎಂದು ಬರೆಯುತ್ತಾನೆ. ತಾನೇ ಹತ್ತು ಪದ್ಯ ಹೊಸೆದು ಕವಿಯ ಹೆಸರಿನಲ್ಲಿ ಸೇರಿಸಿದರೆ, ಅವು ಎಷ್ಟೇ ಸೊಗಸಾಗಿರಲಿ, ಅವನನ್ನು ಸಂಪಾದಕನೆಂದು ಯಾರೂ ಕರೆಯುವುದಿಲ್ಲ. ಅಂಥ ಸೇರ್ಪಡೆಯಿಂದ ಕೆಡುವುದು ಆ ಹತ್ತು ಪದ್ಯ ಮಾತ್ರವಲ್ಲ; ಉಳಿದ ಪದ್ಯಗಳ ಮೇಲೂ ಶಂಕೆ ಬೀಳುತ್ತದೆ.

ಶಂಕೆಗೆ ಎಡೆಯಿಲ್ಲದ ಹಳಮೆ ಎಂಥದೆಂಬುದಕ್ಕೆ ಅದೇ ಶಾನ್‌ಶಿ ಪ್ರಾಂತದಲ್ಲಿ ಸಾಕ್ಷಿಯಿದೆ. 1937ರಲ್ಲಿ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿಗಳು ಹಳೆಯ ಮರದ ಕಟ್ಟಡಗಳನ್ನು ಅರಸುತ್ತ ವುತಾಯ್ ಬೆಟ್ಟಗಳ ಫೊಗುವಾಂಗ್ ದೇಗುಲಕ್ಕೆ ಹೋದರು. ಅಲ್ಲಿನ ತೊಲೆಯ ಮೇಲಿನ ಮಸುಕು ಮಸಿಯ ಬರಹ ಲಿನ್ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ದಾನ ಕೊಟ್ಟ ಹೆಂಗಸಿನ ಹೆಸರಿತ್ತು. ಅದೇ ಹೆಸರು ಅಂಗಳದ ಕಲ್ಲುಕಂಬದ ಮೇಲೂ ಇತ್ತು. ಹೀಗೆ ಆ ಮಂದಿರ ಟಾಂಗ್ ಅರಸರ ಕಾಲದ್ದು, 857ರದು ಎಂದು ಸಿದ್ಧವಾಯಿತು. ಉತ್ಸಾಹಿಯೊಬ್ಬನು ಅದಕ್ಕೆ ಮೊದಲೇ "ಜೀರ್ಣೋದ್ಧಾರ" ನಡೆಸಿ ತೊಲೆಗೆ ಹೊಸ ಬಣ್ಣ ಬಳಿದಿದ್ದರೆ ಆ ಬರಹವನ್ನು ಯಾರು ಓದುತ್ತಿದ್ದರು?

ಮರದ ಕಟ್ಟಡದ ದುರಸ್ತಿ ಬೇರೆ ಮಾತು. ಹುಳು ಹಿಡಿದ ತೊಲೆಯನ್ನು ತೆಗೆದು ಬೇರೊಂದನ್ನು ಇಡುವುದು ಚೀನಾದ ಹಳೆಯ ಪದ್ಧತಿಯೇ. ಅಂಥ ಕೆಲಸದಲ್ಲಿ ಮುಪ್ಪಾದದ್ದಕ್ಕೆ ಊರುಗೋಲು ಸಿಗುತ್ತದೆ. ದಾತೊಂಗಿನಲ್ಲಿ ಆದದ್ದು ಮುಪ್ಪಾದವರನ್ನು ಹೊರಗೆ ಕಳುಹಿಸಿ, ಅವರ ಉಡುಪನ್ನು ಹುಡುಗರಿಗೆ ತೊಡಿಸಿದ ಹಾಗೆ.

ಪ್ರತಿವಾದಿಗಳ ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು: "ಹಳೆಯ ಮನೆಗಳಲ್ಲಿ ನಲ್ಲಿಯಿಲ್ಲ, ಪಾಯಿಖಾನೆಯಿಲ್ಲ. ನಿಮ್ಮ ಕಣ್ಣಿನ ಸುಖಕ್ಕಾಗಿ ಜನ ಕೊಳಕಿನಲ್ಲಿ ಬಾಳಬೇಕೆ?" ಖಂಡಿತ ಬಾಳಬೇಕಾಗಿಲ್ಲ. ಆದರೆ ಕೆಡವುವುದೊಂದೇ ದಾರಿಯೆ? 1950ರಲ್ಲಿ ಲಿಯಾಂಗ್ ಸಿಚೆಂಗ್ ಮತ್ತು ಚೆನ್ ಝಾನ್‌ಶಿಯಾಂಗ್ ಬೀಜಿಂಗಿಗೊಂದು ಯೋಜನೆ ಕೊಟ್ಟರು: ಆಡಳಿತದ ಹೊಸ ಕೇಂದ್ರವನ್ನು ಪಶ್ಚಿಮಕ್ಕೆ ಕಟ್ಟಿ, ಹಳೆಯ ಊರನ್ನು ಹಾಗೆಯೇ ಬಿಡಿ ಎಂದು. ಅದನ್ನು ತಳ್ಳಿಹಾಕಿದರು, ಬೀಜಿಂಗಿನ ಕೋಟೆ ಬಹುಪಾಲು ಹೋಯಿತು. 1980ರ ದಶಕದ ಆರಂಭದಲ್ಲಿ ಪಿಂಗ್‌ಯಾವೊ ಊರಿಗೂ ಅದೇ ಗತಿ ಬರುವುದರಲ್ಲಿತ್ತು. ಶಾಂಘಾಯಿಯ ತೊಂಗ್‌ಜಿ ವಿಶ್ವವಿದ್ಯಾನಿಲಯದ ರುವಾನ್ ಯಿಸಾನ್ ಅಡ್ಡ ನಿಂತು, ಹಳೆಯ ಊರನ್ನು ಉಳಿಸಿ ಹೊಸದನ್ನು ಪಕ್ಕದಲ್ಲಿ ಕಟ್ಟುವ ನಕ್ಷೆ ಬರೆದರು. 1997ರಲ್ಲಿ ಪಿಂಗ್‌ಯಾವೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯೂ ಬೀದಿಯ ತುಂಬ ಅಂಗಡಿಗಳಿವೆ, ಗದ್ದಲವಿದೆ. ಆದರೂ ಸಂಜೆ ಹಿಂದಿನ ಓಣಿಯಲ್ಲಿ ಮುದುಕಿಯೊಬ್ಬಳು ಕಲ್ಲಿದ್ದಲ ಒಲೆಯ ಬೂದಿ ತೆಗೆಯುತ್ತಿದ್ದುದನ್ನು ನಾನು ಕಂಡೆ. ಅವಳ ಮನೆಗೆ ನಲ್ಲಿ ಹಾಕಿಸುವುದು, ಅವಳನ್ನು ಹೊರಗಟ್ಟಿ ಬುರುಜು ಕಟ್ಟುವುದಕ್ಕಿಂತ ಅಗ್ಗವೂ ಹೌದು, ಧರ್ಮವೂ ಹೌದು.

ಈ ಹೊಸ ಹಳೆಯದಕ್ಕೆ ಬೇಡಿಕೆ ಹುಟ್ಟಿಸುವವರು ಯಾರು? ಪ್ರವಾಸಿಗಳಾದ ನಾವು. ಯಿಂಗ್‌ಶಿಯೆನ್ನಿನ ಪಗೋಡ 1056ರದು, ಎತ್ತರ 67 ಮೀಟರಿಗೂ ಮಿಗಿಲು, ಪೂರ್ತಿ ಮರದ್ದು. ಈಗ ಅದು ವಾಲಿದೆ. ಮೇಲಿನ ಅಂತಸ್ತುಗಳಿಗೆ ಜನರನ್ನು ಬಿಡುವುದಿಲ್ಲ. ಅದನ್ನು ಹೇಗೆ ದುರಸ್ತಿ ಮಾಡಬೇಕೆಂದು ಬಲ್ಲವರು ದಶಕಗಳಿಂದ ಚರ್ಚಿಸುತ್ತಿದ್ದಾರೆ. ಆ ಹಿಂಜರಿಕೆ ವಿವೇಕದ ಗುರುತು. ನನ್ನ ಜೊತೆಯಲ್ಲಿ ಬಂದವರಾದರೋ "ಹತ್ತುವುದಕ್ಕಿಲ್ಲದಿದ್ದರೆ ಇಷ್ಟು ದೂರ ಬಂದದ್ದೇಕೆ?" ಎಂದು ಗೊಣಗಿ, ಹೊಸ ಕೋಟೆಯನ್ನು ಹತ್ತಿ ಹರ್ಷಪಟ್ಟರು. ಹತ್ತಲು ಬರುವುದೇ ಚೆನ್ನ ಎನ್ನುವವರ ಹಣ ಎಲ್ಲಿಗೆ ಹರಿಯುತ್ತದೆಯೋ ಇಟ್ಟಿಗೆಯೂ ಅಲ್ಲಿಗೆ ಹರಿಯುತ್ತದೆ.

ಈ ಹೊಗಳಿಕೆ ಚೀನಾದಲ್ಲಿಯೇ ಉಳಿಯುವುದಿಲ್ಲವೆಂಬುದು ನನ್ನ ಅಂಜಿಕೆ. "ಅವರಿಂದ ಕಲಿಯಬೇಕು" ಎನ್ನುವವರು ನಾಳೆ ಹಂಪಿಯ ಮುರಿದ ಮಂಟಪಗಳನ್ನು ನೋಡಿ, ಇವಕ್ಕೂ ಹೊಸ ಕಂಬ, ಹೊಸ ಗೋಪುರ ಆಗಲಿ ಎಂದಾರು. ಕಲಿಯುವುದಾದರೆ ಲಿಯಾಂಗ್ ಮತ್ತು ಲಿನ್ ಅವರಿಂದ ಕಲಿಯೋಣ, ಪಿಂಗ್‌ಯಾವೊ ಊರಿನಿಂದ ಕಲಿಯೋಣ. ಇನ್ನು ಮುಂದೆ ಆ ಕಡೆ ಹೋಗುವವರು ಮಾರ್ಗದರ್ಶಿಯನ್ನು ಎರಡು ಪ್ರಶ್ನೆ ಕೇಳಲಿ: ಈ ಇಟ್ಟಿಗೆ ಯಾವ ವರ್ಷದ್ದು? ಇಲ್ಲಿ ಇದ್ದವರು ಈಗ ಎಲ್ಲಿದ್ದಾರೆ? ಉತ್ತರ ಸಿಕ್ಕಿದ ಮೇಲೆ ಹೊಗಳುವುದಾದರೆ ಹೊಗಳಲಿ.